ಹಕ್ಕಿಯ ಜಾಡು, ಕಡಲಿನ ಓದು: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಕಡಲನ್ನು ಹಕ್ಕಿಯ ಮೂಲಕ ಅರಿಯುವುದು ಮನುಷ್ಯನ ಬಹು ಹಳೆಯ ಅಭ್ಯಾಸಗಳಲ್ಲಿ ಒಂದು. ಇಂದು ಆಲ್ಬಟ್ರಾಸ್, ಶಿಯರ್‌ವಾಟರ್, ಫ್ರಿಗೇಟ್ ಮೊದಲಾದ ಕಡಲಹಕ್ಕಿಗಳ ಮೈಗೆ ಕೆಲವೇ ಗ್ರಾಂ ತೂಕದ ಉಪಕರಣವನ್ನು ಅಳವಡಿಸಿ, ಅವುಗಳ ಸಂಚಾರದಿಂದ ಗಾಳಿ, ಪ್ರವಾಹ ಮತ್ತು ಮೀನಿನ ನೆಲೆಗಳನ್ನು ತಿಳಿಯಲಾಗುತ್ತಿದೆ. ಈ ವಿಧಾನವನ್ನು ಸಾಮಾನ್ಯವಾಗಿ ಉಪಗ್ರಹಯುಗದ ಆವಿಷ್ಕಾರವೆಂದೇ ವಿವರಿಸುವುದು ರೂಢಿ. ಆದರೆ ಇದರ ಹಿಂದೆ ದೀರ್ಘವಾದೊಂದು ಪರಂಪರೆಯಿದೆ. ಆ ಪರಂಪರೆಯ ಕೆಲವು ಮುಖ್ಯ ಘಟ್ಟಗಳು ಹಿಂದೂ ಮಹಾಸಾಗರದಲ್ಲಿ, ಅದರಲ್ಲೂ ಕರ್ನಾಟಕದ ನೆಲ-ಜಲಗಳಲ್ಲಿ ನಡೆದಿವೆ. ಅವುಗಳನ್ನು ಗುರುತಿಸುವುದು, ಹಾಗೂ ಈ ಚರಿತ್ರೆಯಲ್ಲಿ ಜಾನಪದ ಅಧ್ಯಯನಕ್ಕಿರುವ ಹೊಣೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಕ್ಷಿಣ ಬೆಂಗಳೂರಿನ ಸುದ್ದಗುಂಟೆಪಾಳ್ಯದಂಥ ಬಡಾವಣೆಯಿಂದ ನೋಡಿದರೆ ಅರಬ್ಬೀ ಸಮುದ್ರ ಸುಮಾರು ೩೦೦ ಕಿಲೋಮೀಟರ್ ದೂರದಲ್ಲಿದೆ. ಇಲ್ಲಿನವರಿಗೆ ನೀರಹಕ್ಕಿಯೆಂದರೆ ಹತ್ತಿರದ ಮಡಿವಾಳ ಕೆರೆಯ ಹಕ್ಕಿ. ಆದರೂ ಜಗತ್ತಿನ ಕಡಲಹಕ್ಕಿಗಳ ಸಂಕೇತಗಳನ್ನು ಆಲಿಸುವ ಉಪಗ್ರಹಗಳ ಪೈಕಿ ಕೆಲವು ಇದೇ ಊರಿನಲ್ಲಿ ರೂಪುಗೊಂಡವು. ಕಡಲಿಲ್ಲದ ಊರಿಗೂ ಕಡಲಹಕ್ಕಿಗೂ ಸಂಬಂಧ ಕೂಡಿಬಂದ ಬಗೆ ಈ ಚರಿತ್ರೆಯ ಒಂದು ಭಾಗವೇ ಆಗಿದೆ.

೧. ಹಾರಿಬಿಟ್ಟ ಹಕ್ಕಿ

ಹಕ್ಕಿಯನ್ನು ಸಾಧನವಾಗಿ ಬಳಸಿದ ಪ್ರಾಚೀನ ಉಲ್ಲೇಖಗಳಲ್ಲಿ ಪಾಲಿ ಸಾಹಿತ್ಯದ ದೀಘನಿಕಾಯದಲ್ಲಿ ಬರುವ ಕೇವಟ್ಟ ಸುತ್ತದ ದೃಷ್ಟಾಂತ ಮುಖ್ಯವಾದುದು. ಸಮುದ್ರಯಾನಕ್ಕೆ ಹೊರಟ ವರ್ತಕರು ದಡವನ್ನು ಕಾಣಬಲ್ಲ ಹಕ್ಕಿಯೊಂದನ್ನು ಹಡಗಿನಲ್ಲಿ ಒಯ್ಯುತ್ತಿದ್ದರು. ನೆಲ ಕಾಣದಾದಾಗ ಅದನ್ನು ಹಾರಿಬಿಡುತ್ತಿದ್ದರು. ಅದು ದಿಕ್ಕುದಿಕ್ಕಿಗೂ ಹಾರಿ, ಎಲ್ಲಿಯಾದರೂ ದಡ ಕಂಡರೆ ಅತ್ತ ಹೋಗುತ್ತಿತ್ತು. ಕಾಣದಿದ್ದರೆ ಹಡಗಿಗೇ ಮರಳುತ್ತಿತ್ತು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯೂ ತಾಪ್ರೊಬೇನ್, ಅಂದರೆ ಸಿಂಹಳದ ನಾವಿಕರು ಹಕ್ಕಿಗಳನ್ನು ಹಾರಿಬಿಟ್ಟು ಅವು ಹೋದ ದಿಕ್ಕನ್ನು ಅನುಸರಿಸುತ್ತಿದ್ದರೆಂದು ಬರೆದಿದ್ದಾನೆ.

ಈ ಎರಡು ಉಲ್ಲೇಖಗಳಲ್ಲಿ ಗಮನಿಸಬೇಕಾದುದು ಒಂದು ತತ್ತ್ವವನ್ನು. ಮನುಷ್ಯನ ಕಣ್ಣಿಗೆ ನಿಲುಕದುದನ್ನು ಹಕ್ಕಿ ಕಾಣುತ್ತದೆ; ಆದ್ದರಿಂದ ಹಕ್ಕಿಯ ಚಲನೆಯನ್ನು ಓದಿದರೆ ಅದು ಕಂಡುದನ್ನು ನಾವೂ ತಿಳಿಯಬಹುದು. ಇಂದಿನ ಉಪಗ್ರಹ ಆಧಾರಿತ ಅಧ್ಯಯನಗಳೂ ನಿಂತಿರುವುದು ಇದೇ ತತ್ತ್ವದ ಮೇಲೆ.

ಇಲ್ಲಿ ಶಬ್ದವೊಂದರ ಇತಿಹಾಸವೂ ಪ್ರಸ್ತುತವಾಗುತ್ತದೆ. ಪಾಲಿಯ ‘ಸಕುಣ’, ಸಂಸ್ಕೃತದ ‘ಶಕುನ’ ಎಂಬ ಪದಗಳಿಗೆ ಮೂಲಾರ್ಥ ಹಕ್ಕಿ ಎಂದೇ. ಹಕ್ಕಿಯಿಂದ ತಿಳಿದುಬರುವ ಮುನ್ಸೂಚನೆ ಎಂಬ ಅರ್ಥ ಅದಕ್ಕೆ ಅನಂತರ ಸೇರಿತು. ಕನ್ನಡದಲ್ಲಿ ಆ ಎರಡನೆಯ ಅರ್ಥವೇ ಬಳಕೆಯಲ್ಲಿ ಉಳಿದು, ಹಕ್ಕಿ ಮರೆಯಾಯಿತು. ಈ ಅರ್ಥಪಲ್ಲಟದ ಪರಿಣಾಮವನ್ನು ಲೇಖನದ ಕೊನೆಯ ಭಾಗದಲ್ಲಿ ಚರ್ಚಿಸಲಾಗಿದೆ.

೨. ಕರಾವಳಿಯವರು ಕಂಡ ಹಕ್ಕಿ

ಕರ್ನಾಟಕದ ಕರಾವಳಿಯ ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಮೀನುಗಾರ ಸಮುದಾಯಗಳು ಕಡಲನ್ನು ಹಲವು ಗುರುತುಗಳಿಂದ ಓದುತ್ತ ಬಂದಿವೆ. ನೀರಿನ ಬಣ್ಣ, ಅಲೆಯ ಬಗೆ, ಗಾಳಿಯ ದಿಕ್ಕು, ನೀರಿನ ಮೇಲ್ಮೈಯ ಕದಲಿಕೆ ಇವುಗಳ ಜೊತೆಗೆ ಹಕ್ಕಿಗಳ ಗುಂಪೂ ಒಂದು ಗುರುತು. ದೊಡ್ಡ ಮೀನುಗಳು ಕೆಳಗಿನಿಂದ ಅಟ್ಟಿದಾಗ ಸಣ್ಣ ಮೀನಿನ ಹಿಂಡು ಮೇಲ್ಮೈಗೆ ಏರುತ್ತದೆ. ಆಗ ಟರ್ನ್ ಮತ್ತು ಗಲ್ ಜಾತಿಯ ಹಕ್ಕಿಗಳು ಒಂದೆಡೆ ನೆರೆದು, ಸುತ್ತುತ್ತ, ಮೇಲಿಂದ ಮೇಲೆ ನೀರಿಗೆ ಎರಗುತ್ತವೆ. ದೂರದ ದೋಣಿಗೆ ಮೀನು ಕಾಣದು, ಹಕ್ಕಿ ಕಾಣುತ್ತದೆ. ಈ ಬಗೆಯ ಓದು ಜಗತ್ತಿನ ಬಹುತೇಕ ಎಲ್ಲ ಮೀನುಗಾರ ಸಮುದಾಯಗಳಲ್ಲಿಯೂ ಕಂಡುಬರುವಂಥದು.

ನೂರಾರು ಜನರು ದಡದಲ್ಲಿ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲದಲ್ಲಿ ಇಂಥ ಓದಿಗೆ ವಿಶೇಷ ಬೆಲೆಯಿತ್ತು. ಬಂಗುಡೆ, ಬೂತಾಯಿ ಮೀನುಗಳ ಹಿಂಡು ದಡದ ಹತ್ತಿರಕ್ಕೆ ಬಂದುದನ್ನು ಸಕಾಲದಲ್ಲಿ ಗುರುತಿಸಿದರೆ ಮಾತ್ರ ಬಲೆ ಸುತ್ತುವರಿಯಲು ಸಾಧ್ಯವಾಗುತ್ತಿತ್ತು. ೧೯೭೦ರ ದಶಕದ ಮಧ್ಯಭಾಗದಲ್ಲಿ ಯಾಂತ್ರೀಕೃತ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ವೇಗವಾಗಿ ಹಿಂದೆ ಸರಿಯಿತು. ಅನಂತರದ ದಶಕಗಳಲ್ಲಿ ಪ್ರತಿಧ್ವನಿಯಿಂದ ಮೀನನ್ನು ಗುರುತಿಸುವ ಫಿಶ್ ಫೈಂಡರ್ ಯಂತ್ರವೂ, ಉಪಗ್ರಹ ಮಾಹಿತಿಯನ್ನು ಆಧರಿಸಿದ ಮೀನು ವಲಯದ ಮುನ್ಸೂಚನೆಯೂ ಬಂದವು. ೧೯೯೯ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಕಡಲಮೇಲ್ಮೈಯ ತಾಪಮಾನ ಮತ್ತು ಹರಿತ್ತಿನ ಪ್ರಮಾಣವನ್ನು ಆಧರಿಸಿ ಈ ಮುನ್ಸೂಚನೆಗಳನ್ನು ನೀಡುತ್ತ ಬಂದಿದೆ. ಓದುವ ಕಣ್ಣು ಹೀಗೆ ದಡದಿಂದ ದೋಣಿಯ ಯಂತ್ರಕ್ಕೂ, ಅಲ್ಲಿಂದ ಆಕಾಶಕ್ಕೂ ಸ್ಥಳಾಂತರಗೊಂಡಿತು.

೩. ನೇತ್ರಾಣಿಯ ಸಾಕ್ಷ್ಯ

ಹಕ್ಕಿಯ ಆಹಾರದಿಂದ ಕಡಲಿನ ಜೀವಸಂಪತ್ತನ್ನು ಅರಿಯುವ ವಿಧಾನಕ್ಕೆ ಕರ್ನಾಟಕದಲ್ಲಿಯೇ ಹಳೆಯ ನಿದರ್ಶನವಿದೆ. ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪವು ಬ್ರಿಟಿಷರ ನಕಾಶೆಗಳಲ್ಲಿ ಪಾರಿವಾಳ ದ್ವೀಪವೆಂದು ಹೆಸರಾಗಿತ್ತು. ೧೮೬೨ರಿಂದ ೧೮೬೪ರ ನಡುವೆ ಭಾರತದ ಹಕ್ಕಿಗಳ ಕುರಿತು ತನ್ನ ಗ್ರಂಥವನ್ನು ಪ್ರಕಟಿಸಿದ ಟಿ. ಸಿ. ಜೆರ್ಡನ್ ಹೊನ್ನಾವರದ ದಕ್ಷಿಣಕ್ಕಿರುವ ಈ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗುಂಪಾಗಿ ಗೂಡುಕಟ್ಟುವುದನ್ನು ಉಲ್ಲೇಖಿಸಿದನು. ಗೂಡಿನ ಮರಗಳ ಕೆಳಗೆ ಕಡಲಹಾವು, ಮೀನುಗಳ ಮೂಳೆಗಳು ಚೆಲ್ಲಾಡಿದ್ದ ಸಂಗತಿಯೂ ಅಲ್ಲಿ ದಾಖಲಾಗಿದೆ. ೧೮೭೫ರಲ್ಲಿ ಎ. ಒ. ಹ್ಯೂಮ್ ಪಶ್ಚಿಮ ಕರಾವಳಿ ಮತ್ತು ಲಕ್ಷದ್ವೀಪಗಳ ಹಕ್ಕಿಗಳನ್ನು ಅರಸಿ ಕಡಲಯಾನ ಕೈಗೊಂಡು, ಅದರ ವಿಸ್ತಾರವಾದ ವರದಿಯನ್ನು ಮರುವರ್ಷ ತನ್ನ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು.

ಮರದಡಿಯ ಮೂಳೆಯ ರಾಶಿ ಒಂದು ದೃಷ್ಟಿಯಿಂದ ಕಡಲಿನ ದಾಖಲೆಯೇ ಸರಿ. ಸುತ್ತಲಿನ ನೀರಿನಲ್ಲಿ ಯಾವ ಜೀವಿಗಳು ಹೇರಳವಾಗಿದ್ದವೆಂಬುದನ್ನು ಹದ್ದು ಅಲ್ಲಿ ಸಂಗ್ರಹಿಸಿಟ್ಟಿತ್ತು. ಇಂದಿನ ವಿಜ್ಞಾನಿಗಳು ಕಡಲಹಕ್ಕಿಗಳ ಗೂಡಿನಲ್ಲಿ ದೊರೆಯುವ ಆಹಾರಶೇಷದಿಂದ ಮೀನಿನ ಏರಿಳಿತವನ್ನು ತಿಳಿಯುತ್ತಾರೆ. ಆ ವಿಧಾನದ ಬೀಜ ಇಂಥ ವರದಿಗಳಲ್ಲಿದೆ. ನೇತ್ರಾಣಿ ಮುಂದೆ ನೌಕಾಪಡೆಯ ಗುರಿಹೊಡೆತದ ಅಭ್ಯಾಸಕ್ಕೆ ಬಳಕೆಯಾದುದು, ಅದಕ್ಕೆ ಪರಿಸರಾಸಕ್ತರಿಂದ ವಿರೋಧ ಬಂದುದು ನಮ್ಮ ಕಾಲದ ಸಂಗತಿ. ಹಕ್ಕಿ ಬರೆದಿಟ್ಟ ದಾಖಲೆಗೂ ಕಾಗದದ ದಾಖಲೆಗಿರುವಷ್ಟೇ ರಕ್ಷಣೆ ಅಗತ್ಯ ಎಂಬುದನ್ನು ಇದು ನೆನಪಿಸುತ್ತದೆ.

೪. ಉಂಗುರ ತೊಟ್ಟ ಹಕ್ಕಿ

ಹಕ್ಕಿಯ ಗುಂಪನ್ನು ನೋಡುವುದರಿಂದ ಒಂದೊಂದೇ ಹಕ್ಕಿಯನ್ನು ಗುರುತಿಸುವ ಘಟ್ಟಕ್ಕೆ ವಿಜ್ಞಾನ ಬಂದುದು ಉಂಗುರದ ಮೂಲಕ. ೧೮೯೯ರಲ್ಲಿ ಡೆನ್ಮಾರ್ಕಿನ ಶಾಲಾ ಶಿಕ್ಷಕ ಮಾರ್ಟೆನ್ಸನ್ ಹಕ್ಕಿಗಳ ಕಾಲಿಗೆ ಸಂಖ್ಯೆ ಮತ್ತು ವಿಳಾಸ ಕೆತ್ತಿದ ಲೋಹದ ಉಂಗುರ ತೊಡಿಸಿ ಈ ಪದ್ಧತಿಗೆ ವ್ಯವಸ್ಥಿತ ರೂಪ ಕೊಟ್ಟನು.

ಭಾರತದಲ್ಲಿ ಈ ಕಾರ್ಯ ವಿಸ್ತಾರಗೊಳ್ಳಲು ಕರ್ನಾಟಕದ ಒಂದು ಕಾಡೇ ಪ್ರೇರಣೆಯಾಯಿತೆಂಬುದು ಕುತೂಹಲಕರ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದ ಸುತ್ತ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಅದು ರಷ್ಯಾದ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರವಾಗಿದ್ದುದರಿಂದ, ವಲಸೆ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಮೂಡಿತು. ಈ ಹಿನ್ನೆಲೆಯಲ್ಲಿ ೧೯೫೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಾಲಿಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಆರಂಭಿಸಿತು. ಶಂಕೆ ಸಾಬೀತಾಗಲಿಲ್ಲ; ಆದರೆ ದೇಶದಲ್ಲಿ ಹಕ್ಕಿಗಳ ಜಾಡು ಹಿಡಿಯುವ ಶಾಸ್ತ್ರ ಬೇರೂರಿತು.

ಉಂಗುರಕ್ಕೆ ಒಂದು ಮಿತಿಯಿತ್ತು. ಅದು ಹಕ್ಕಿಯ ಪಯಣದ ಎರಡು ತುದಿಗಳನ್ನು ಮಾತ್ರ ಹೇಳುತ್ತಿತ್ತು. ನಡುವಿನ ಕಡಲು ಖಾಲಿಯಾಗಿಯೇ ಉಳಿಯುತ್ತಿತ್ತು. ಕಡಲಹಕ್ಕಿಗೆ ಸಂಬಂಧಿಸಿದಂತೆ ಆ ನಡುವಿನ ಕಡಲೇ ಮುಖ್ಯ.

೫. ಸಂಕೇತ ಕಳಿಸುವ ಹಕ್ಕಿ

ಆ ಖಾಲಿ ಜಾಗವನ್ನು ತುಂಬಿದುದು ಆರ್ಗೋಸ್ ವ್ಯವಸ್ಥೆ. ೧೯೭೮ರಲ್ಲಿ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯೂ ಅಮೆರಿಕದ ಬಾಹ್ಯಾಕಾಶ ಮತ್ತು ಸಾಗರ-ವಾಯುಮಂಡಲ ಸಂಸ್ಥೆಗಳೂ ಜೊತೆಗೂಡಿ ಇದನ್ನು ಕಾರ್ಯರೂಪಕ್ಕೆ ತಂದವು. ಹಳಿಯ ಬದಿಯಲ್ಲಿ ನಿಂತವನಿಗೆ ಹತ್ತಿರ ಬರುವ ರೈಲಿನ ಸಿಳ್ಳೆ ಏರುದನಿಯಲ್ಲೂ ದೂರವಾಗುವ ರೈಲಿನ ಸಿಳ್ಳೆ ಇಳಿದನಿಯಲ್ಲೂ ಕೇಳಿಸುತ್ತದೆ. ಇದೇ ರೀತಿ ಕಕ್ಷೆಯಲ್ಲಿ ಸಾಗುವ ಉಪಗ್ರಹಕ್ಕೆ ಹಕ್ಕಿಯ ಮೈಮೇಲಿನ ಪ್ರೇಷಕದ ತರಂಗಾವರ್ತನ ಬದಲಾದಂತೆ ಕಾಣುತ್ತದೆ. ಆ ಬದಲಾವಣೆಯ ಲೆಕ್ಕದಿಂದ ಹಕ್ಕಿ ಇರುವ ಸ್ಥಳ ದೊರೆಯುತ್ತದೆ.

ಈ ವಿಧಾನದಿಂದ ಕಡಲಹಕ್ಕಿಯ ಪಯಣವನ್ನು ಮೊದಲ ಬಾರಿಗೆ ಸಮರ್ಥವಾಗಿ ಬರೆದಿಟ್ಟುದು ಹಿಂದೂ ಮಹಾಸಾಗರದಲ್ಲಿಯೇ. ದಕ್ಷಿಣದ ಕ್ರೋಜೆ ದ್ವೀಪಸಮೂಹದಲ್ಲಿ ೧೯೮೯ರಲ್ಲಿ ಪಿಯೆರ್ ಜೂವೆಂತಾಂ ಮತ್ತು ಹೆನ್ರಿ ವೈಮರ್ಸ್‌ಕಿರ್ಚ್ ಅಲೆಮಾರಿ ಆಲ್ಬಟ್ರಾಸ್‌ಗಳಿಗೆ ಪ್ರೇಷಕಗಳನ್ನು ಅಳವಡಿಸಿದರು. ಸಂಗಾತಿ ಮೊಟ್ಟೆಗೆ ಕಾವು ಕೊಡುತ್ತಿರುವಾಗ ಆಹಾರ ಅರಸಿ ಹೊರಟ ಹಕ್ಕಿ ಒಂದೇ ಪಯಣದಲ್ಲಿ ೩,೬೦೦ರಿಂದ ೧೫,೦೦೦ ಕಿಲೋಮೀಟರ್ ದೂರ ಸಾಗುತ್ತದೆಂಬುದು ೧೯೯೦ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಉಪಕರಣದ ತೂಕವೇ ಈ ಶಾಸ್ತ್ರದ ಗತಿಯನ್ನು ನಿರ್ಧರಿಸಿತು. ಹಕ್ಕಿಯ ತೂಕದ ನೂರಕ್ಕೆ ಮೂರು ಪಾಲನ್ನು ಮೀರಬಾರದೆಂಬುದು ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ನಿಯಮ. ಹಲವು ಕಿಲೋ ತೂಗುವ ಆಲ್ಬಟ್ರಾಸ್‌ಗೆ ಇದು ತೊಡಕಲ್ಲ. ಸಣ್ಣ ಹಕ್ಕಿಗಳ ಸರದಿ ಬಂದುದು, ಹಗಲಿನ ಬೆಳಕಿನ ಅವಧಿಯನ್ನು ದಾಖಲಿಸಿ ಸ್ಥಳವನ್ನು ಅಂದಾಜಿಸುವ ಹಗುರ ಉಪಕರಣಗಳು ಬಂದ ಮೇಲೆ. ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ೧.೪ ಗ್ರಾಂ ತೂಕದ ಇಂಥ ಉಪಕರಣ ಹೊತ್ತ ಆರ್ಕ್‌ಟಿಕ್ ಟರ್ನ್‌ಗಳು ವರ್ಷಕ್ಕೆ ಸರಾಸರಿ ೭೦,೯೦೦ ಕಿಲೋಮೀಟರ್ ಹಾರುವುದು ತಿಳಿದುಬಂದಿತು.

೬. ಹಕ್ಕಿಯೇ ಉಪಕರಣವಾದ ಬಗೆ

ಇಲ್ಲಿಯವರೆಗಿನ ಪ್ರಶ್ನೆ ಹಕ್ಕಿಯನ್ನು ಕುರಿತದ್ದಾಗಿತ್ತು. ಕಳೆದ ಎರಡು ದಶಕಗಳಲ್ಲಿ ಪ್ರಶ್ನೆ ಕಡಲಿನತ್ತ ತಿರುಗಿತು. ಜಪಾನಿನ ಸಂಶೋಧಕರು ನೀರಿನ ಮೇಲೆ ತೇಲುತ್ತ ವಿಶ್ರಮಿಸುವ ಶಿಯರ್‌ವಾಟರ್ ಹಕ್ಕಿ ಪ್ರವಾಹದೊಡನೆ ಸರಿಯುವುದನ್ನು ಅಳೆದು, ಅದರಿಂದ ಕಡಲಪ್ರವಾಹದ ವೇಗವನ್ನು ಲೆಕ್ಕಹಾಕಿದರು. ಇದು ೨೦೧೪ರ ಸುಮಾರಿನ ಕೆಲಸ. ೨೦೧೬ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಹಾರುವ ಹಕ್ಕಿಯ ವೇಗ ದಿಕ್ಕಿಗೆ ತಕ್ಕಂತೆ ಬದಲಾಗುವುದನ್ನು ಆಧರಿಸಿ ಕಡಲಮೇಲಿನ ಗಾಳಿಯ ವೇಗವನ್ನೂ ದಿಕ್ಕನ್ನೂ ಅಂದಾಜಿಸಿತು. ಅದೇ ವರ್ಷ, ಮೊಜಾಂಬಿಕ್ ಕಾಲುವೆಯ ಯುರೋಪಾ ದ್ವೀಪದ ಫ್ರಿಗೇಟ್ ಹಕ್ಕಿಗಳು ಹಿಂದೂ ಮಹಾಸಾಗರದ ಗಾಳಿಯಿಲ್ಲದ ವಲಯದ ಅಂಚಿನಲ್ಲಿ ಮೋಡಗಳ ಕೆಳಗಿನ ಏರುಗಾಳಿಯನ್ನು ಬಳಸಿ ಎರಡು ತಿಂಗಳವರೆಗೂ ಕೆಳಗಿಳಿಯದೆ ಹಾರಬಲ್ಲವೆಂಬುದು ಪ್ರಕಟವಾಯಿತು.

೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೧೬೯ ಆಲ್ಬಟ್ರಾಸ್‌ಗಳಿಗೆ ಹಡಗಿನ ರಡಾರ್ ಅಲೆಗಳನ್ನು ಗ್ರಹಿಸುವ ಉಪಕರಣ ಅಳವಡಿಸಲಾಗಿತ್ತು. ಅಂತರರಾಷ್ಟ್ರೀಯ ಜಲಪ್ರದೇಶದಲ್ಲಿ ಅವು ಎದುರಾದ ಹಡಗುಗಳ ಪೈಕಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ತಮ್ಮ ಗುರುತಿನ ಸಂಕೇತವನ್ನು ಪ್ರಸಾರ ಮಾಡುತ್ತಿರಲಿಲ್ಲ. ದೋಣಿಗೆ ಮೀನನ್ನು ತೋರಿಸುತ್ತಿದ್ದ ಹಕ್ಕಿ ಈಗ ಆಡಳಿತಕ್ಕೆ ದೋಣಿಯನ್ನು ತೋರಿಸತೊಡಗಿತು. ಜ್ಞಾನದ ಒಡೆತನದ ದೃಷ್ಟಿಯಿಂದ ಇದು ಸಣ್ಣ ಬದಲಾವಣೆಯಲ್ಲ.

ಈ ವಿಧಾನ ನಮ್ಮ ಅರಬ್ಬೀ ಸಮುದ್ರಕ್ಕೆ ಏಕೆ ಮುಖ್ಯ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ನೈರುತ್ಯ ಮಳೆಗಾಲದಲ್ಲಿ ನಮ್ಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರುತ್ತದೆ. ಬೂತಾಯಿ, ಬಂಗುಡೆ ಮೀನುಗಳ ಸಮೃದ್ಧಿಗೆ ಇದು ಆಧಾರ. ಆದರೆ ಆ ಅವಧಿಯಲ್ಲಿ ದಟ್ಟ ಮೋಡ ಕವಿಯುವುದರಿಂದ ಕಡಲಿನ ಬಣ್ಣವನ್ನು ನೋಡುವ ಉಪಗ್ರಹದ ಕಣ್ಣು ಬಹುಮಟ್ಟಿಗೆ ಮುಚ್ಚಿರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಮೀನುಗಾರಿಕೆ ನಿಷೇಧವಿರುವುದರಿಂದ ಯಾಂತ್ರೀಕೃತ ದೋಣಿಗಳು ಬಂದರಿನಲ್ಲಿರುತ್ತವೆ. ದಕ್ಷಿಣ ಧ್ರುವದ ಸುತ್ತಲಿನ ದ್ವೀಪಗಳಲ್ಲಿ ಮರಿ ಮಾಡುವ ವಿಲ್ಸನ್ ಪೆಟ್ರೆಲ್‌ನಂಥ ಹಕ್ಕಿಗಳು ಅರಬ್ಬೀ ಸಮುದ್ರಕ್ಕೆ ಬರುವುದು ಇದೇ ತಿಂಗಳುಗಳಲ್ಲಿ. ಬಿರುಗಾಳಿಗೆ ಸಿಕ್ಕಿ ಬಳಲಿದ ಕಡಲಹಕ್ಕಿಗಳು ನಮ್ಮ ಮರಳದಂಡೆಗಳಲ್ಲಿ ಬಿದ್ದು ಸಿಗುವುದೂ ಆಗಲೇ. ಮೋಡದ ಕೆಳಗೆ, ದೋಣಿಯಿಲ್ಲದ ಕಡಲಿನಲ್ಲಿ ಆ ಹಕ್ಕಿಯೇ ಸಾಕ್ಷಿ. ಆದರೆ ಪೆಟ್ರೆಲ್ ತೂಗುವುದು ಸುಮಾರು ೪೦ ಗ್ರಾಂ ಮಾತ್ರ. ಅದು ಹೊರಬಹುದಾದ ಭಾರ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು.

೭. ಬೆಂಗಳೂರಿನ ಪಾತ್ರ

ಬೆಂಗಳೂರಿನ ಉಪಗ್ರಹ ಚರಿತ್ರೆ ಆರಂಭವಾದುದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ೧೯೭೫ರ ಏಪ್ರಿಲ್ ೧೯ರಂದು ಉಡಾವಣೆಗೊಂಡ ಆರ್ಯಭಟವನ್ನು ಅಲ್ಲಿ ರೂಪಿಸಿದ ತಂಡದ ನಾಯಕ ಯು. ಆರ್. ರಾವ್ ಉಡುಪಿ ಸೀಮೆಯ ಅದಮಾರಿನವರು, ಕರಾವಳಿಯಲ್ಲಿ ಹುಟ್ಟಿದವರು. ಅವರ ಹೆಸರನ್ನೇ ಇಂದು ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಇಡಲಾಗಿದೆ.

೨೦೧೩ರ ಫೆಬ್ರುವರಿ ೨೫ರಂದು ಶ್ರೀಹರಿಕೋಟೆಯಿಂದ ‘ಸರಳ್’ ಉಪಗ್ರಹ ಕಕ್ಷೆ ಸೇರಿತು. ಇದು ಭಾರತ ಮತ್ತು ಫ್ರಾನ್ಸಿನ ಜಂಟಿ ಯೋಜನೆ. ಉಪಗ್ರಹದ ಒಡಲು ಭಾರತದ್ದು. ಅದರೊಳಗಿನ ಆರ್ಗೋಸ್ ಗ್ರಾಹಕವೂ ಕಡಲಿನ ಎತ್ತರವನ್ನು ಅಳೆಯುವ ಆಲ್ಟಿಕಾ ರಡಾರೂ ಫ್ರಾನ್ಸಿನವು. ಒಂದೇ ಉಪಗ್ರಹ ಕಡಲಮೇಲ್ಮೈಯ ಏರಿಳಿತವನ್ನು ಮೇಲಿನಿಂದ ಅಳೆಯುತ್ತ, ಅದೇ ಕಡಲಿನ ಮೇಲಿರುವ ತೇಲುಯಂತ್ರ, ಆಮೆ, ಹಕ್ಕಿಗಳ ಸಂಕೇತವನ್ನೂ ಆಲಿಸುವಂತೆ ಇದನ್ನು ರಚಿಸಲಾಗಿತ್ತು. ೨೦೨೨ರ ನವೆಂಬರ್ ೨೬ರಂದು ಉಡಾವಣೆಗೊಂಡ ಇಒಎಸ್-೦೬ ಉಪಗ್ರಹದಲ್ಲಿಯೂ ಕಡಲಿನ ಬಣ್ಣ ಮತ್ತು ಗಾಳಿಯನ್ನು ಅಳೆಯುವ ಉಪಕರಣಗಳ ಜೊತೆಗೆ ಆರ್ಗೋಸ್ ಗ್ರಾಹಕವನ್ನು ಇರಿಸಲಾಯಿತು. ಉಪಗ್ರಹದಿಂದ ಅಳೆದ ಗಾಳಿಗೂ ಹಕ್ಕಿಯಿಂದ ತಿಳಿದ ಗಾಳಿಗೂ ಹೀಗೆ ಒಂದೇ ನೆಲೆಯಲ್ಲಿ ಭೇಟಿಯಾಗುವ ಅವಕಾಶ ಒದಗಿತು.

೮. ಜಾನಪದ ಅಧ್ಯಯನದ ಹೊಣೆ

ಈ ಚರಿತ್ರೆಯಲ್ಲಿ ಜಾನಪದ ವಿದ್ವಾಂಸರ ಪಾಲೇನು ಎಂಬ ಪ್ರಶ್ನೆಗೆ ಈಗ ಬರಬಹುದು. ನಮ್ಮ ಸಂಗ್ರಹಗಳಲ್ಲಿ ಹಕ್ಕಿ ಸಾಮಾನ್ಯವಾಗಿ ಕಥೆ, ಒಗಟು, ಹಾಡು ಮತ್ತು ಶಕುನ ಎಂಬ ವಿಭಾಗಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊಗವೀರರ ದೈವ ಬೊಬ್ಬರ್ಯನ ಪಾಡ್ದನಕ್ಕೆ ಅಧ್ಯಯನದಲ್ಲಿ ಸಹಜವಾದ ಸ್ಥಾನವಿದೆ. ಆದರೆ ಮೀನಿನ ಹಿಂಡಿನ ಮೇಲೆ ಸುತ್ತುವ ಹಕ್ಕಿಯನ್ನು ನೋಡಿ ದೋಣಿಯ ದಿಕ್ಕು ಬದಲಿಸುವ ಅರಿವು ಕಥೆಯೂ ಅಲ್ಲ, ಹಾಡೂ ಅಲ್ಲ. ಬರೆದುಕೊಂಡರೂ ಅದು ‘ನಂಬಿಕೆಗಳು’ ಎಂಬ ಶೀರ್ಷಿಕೆಯ ಅಡಿಯಲ್ಲಿ, ಬೆಕ್ಕು ಅಡ್ಡಬಂದ ಶಕುನದ ಪಕ್ಕದಲ್ಲಿ ಸೇರುವ ಅಪಾಯವಿದೆ. ಶಕುನ ಎಂಬ ಶಬ್ದದಲ್ಲಿ ಹಕ್ಕಿ ಮರೆಯಾದಂತೆ ನಮ್ಮ ವರ್ಗೀಕರಣದಲ್ಲಿ ವೀಕ್ಷಣೆ ಮರೆಯಾಗುತ್ತದೆ.

ಆದ್ದರಿಂದ ಶಕುನ ಮತ್ತು ಸೂಚನೆ ಇವೆರಡನ್ನೂ ಪ್ರತ್ಯೇಕಿಸಿ ದಾಖಲಿಸುವುದು ಅಗತ್ಯ. ಶಕುನದಲ್ಲಿ ಹಕ್ಕಿಗೂ ಫಲಕ್ಕೂ ನಡುವೆ ಕಾರಣದ ಕೊಂಡಿಯಿಲ್ಲ. ಸೂಚನೆಯಲ್ಲಿ ಹಕ್ಕಿ, ಸಣ್ಣ ಮೀನು, ದೊಡ್ಡ ಮೀನು, ನೀರು ಎಂಬ ಸರಪಣಿಯಿದೆ. ಪ್ರತಿ ಬಾರಿ ಬಲೆ ಬೀಸಿದಾಗಲೂ ಅದು ಪರೀಕ್ಷೆಗೆ ಒಳಗಾಗುತ್ತದೆ. ಹಾಗೆಂದು ಜನಪದ ಅರಿವನ್ನು ವಿಜ್ಞಾನಕ್ಕೆ ಸಮವೆಂದು ಕೊಂಡಾಡುವುದೂ ಸರಿಯಲ್ಲ. ಮೀನುಗಾರನ ಓದು ಕಣ್ಣಳತೆಯದು, ಆ ಹೊತ್ತಿನದು. ಆಲ್ಬಟ್ರಾಸ್ ಸಾಗಿದ ಸಾವಿರಾರು ಕಿಲೋಮೀಟರ್ ಅದಕ್ಕೆ ನಿಲುಕದು. ಉಪಕರಣದ ಓದು ವಿಶಾಲವಾದುದು, ಆದರೆ ಇತ್ತೀಚಿನದು. ಐವತ್ತು ವರ್ಷಗಳ ಹಿಂದೆ ಯಾವ ತಿಂಗಳಲ್ಲಿ, ಯಾವ ಬಂಡೆಯ ಆಚೆ, ಯಾವ ಹಕ್ಕಿ ನೆರೆಯುತ್ತಿತ್ತು ಎಂಬುದನ್ನು ಉಪಗ್ರಹ ಹೇಳಲಾರದು. ರಂಪಣಿ ಎಳೆದ ತಲೆಮಾರಿನ ಹಿರಿಯರು ಹೇಳಬಲ್ಲರು.

ಇದನ್ನು ದಾಖಲಿಸಲು ಉಳಿದಿರುವ ಕಾಲಾವಕಾಶ ಹೆಚ್ಚಿಲ್ಲ. ೨೦೧೫ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ೧೯೫೦ರಿಂದ ೨೦೧೦ರ ನಡುವೆ ಜಗತ್ತಿನಲ್ಲಿ ಗಣನೆಗೆ ಒಳಗಾದ ಕಡಲಹಕ್ಕಿಗಳ ಸಂಖ್ಯೆ ಸುಮಾರು ಶೇಕಡ ೭೦ರಷ್ಟು ಕುಸಿದಿದೆ. ಓದಬೇಕಾದ ಹಕ್ಕಿಯೂ, ಓದಬಲ್ಲ ಕಣ್ಣೂ ಒಂದೇ ಅವಧಿಯಲ್ಲಿ ಕಡಿಮೆಯಾಗುತ್ತಿವೆ. ಕ್ಷೇತ್ರಕಾರ್ಯದಲ್ಲಿ ಹಕ್ಕಿಯ ಸ್ಥಳೀಯ ಹೆಸರು, ಕಾಣಿಸಿಕೊಳ್ಳುವ ಕಾಲ, ನೆರೆಯುವ ಸ್ಥಳ, ಜೊತೆಗೆ ದೊರೆಯುವ ಮೀನು ಎಂಬ ನಾಲ್ಕು ಅಂಶಗಳನ್ನು ಕನ್ನಡ, ತುಳು, ಕೊಂಕಣಿ ಭಾಷೆಗಳಲ್ಲಿ ಹೇಳಿದವರ ಮಾತಿನಲ್ಲಿಯೇ ಬರೆದುಕೊಂಡರೆ, ಅವು ಹಕ್ಕಿಯ ಜಾಡಿನ ನಕಾಶೆಯೊಡನೆ ಹೋಲಿಸಬಹುದಾದ ಆಕರವಾಗುತ್ತವೆ.

ಸಮಾರೋಪ

ದಡ ಕಾಣಲು ಹಾರಿಬಿಟ್ಟ ಹಕ್ಕಿಯಿಂದ ಹಿಡಿದು ಗಾಳಿಯನ್ನು ಅಳೆಯುವ ಹಕ್ಕಿಯವರೆಗಿನ ಈ ಚರಿತ್ರೆಯಲ್ಲಿ ಮೂಲ ತತ್ತ್ವ ಬದಲಾಗಿಲ್ಲ. ಓದುವವರು ನಿಂತಿರುವ ಸ್ಥಳ ಬದಲಾಗಿದೆ. ಹಡಗಿನ ಅಂಗಳ, ರಂಪಣಿಯ ದಡ, ನೇತ್ರಾಣಿಯ ಮರದಡಿ, ಕ್ಯಾಸನೂರಿನ ಕಾಡು, ಕೊನೆಗೆ ಬೆಂಗಳೂರಿನ ಉಪಗ್ರಹ ಕೇಂದ್ರ ಇವು ಒಂದೇ ಓದಿನ ಬೇರೆ ಬೇರೆ ನೆಲೆಗಳು. ಇವುಗಳಲ್ಲಿ ದಡದ ಓದು ಮಾತ್ರ ಇನ್ನೂ ಬಹುಪಾಲು ಮಾತಿನಲ್ಲಿಯೇ ಉಳಿದಿದೆ. ಕಡಲಹಕ್ಕಿಯ ಸಂಕೇತವನ್ನು ಆಲಿಸುವ ಉಪಗ್ರಹವನ್ನು ಕಟ್ಟಿದ ನಾಡು ಅದೇ ಹಕ್ಕಿಯನ್ನು ತಲೆಮಾರುಗಳಿಂದ ನೋಡಿದವರ ಮಾತನ್ನೂ ಆಲಿಸಿ ಬರೆದಿಡಬೇಕು. ಮಂಗಳೂರಿನಿಂದ ಕಾರವಾರದವರೆಗಿನ ಬಂದರುಗಳಲ್ಲಿ ಈ ಕ್ಷೇತ್ರಕಾರ್ಯವನ್ನು ಯುವ ಸಂಶೋಧಕರು ಕೈಗೆತ್ತಿಕೊಳ್ಳಲಿ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಸಾಗರ ವಿಜ್ಞಾನ ಕೇಂದ್ರಗಳೂ ಅದಕ್ಕೆ ಕೈಜೋಡಿಸಲಿ ಎಂಬುದು ಈ ಲೇಖನದ ಆಶಯ.